ಕೆರೆ ಹೊಂಡದ ಕಥೆ: ಕೊನೆ ಕೂಡಿಬರುತ್ತಿಲ್ಲ, ಎಲ್ಲಿ ತಿದ್ದಬೇಕು?

ಬಿದಿರುಮೆಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕಥೆಯ ಮೂರನೇ ಕರಡು ತಿದ್ದುತ್ತಿದ್ದೇನೆ. ಮಗುವನ್ನು ಕಳೆದುಕೊಂಡ ಭಾಗ ಓದಿದವರಿಗೆ ತಟ್ಟುತ್ತಿದೆ. ತಪ್ಪು ಮಾಡಿದವನು ಅದರಿಂದ ಮೇಲೇಳುವ ಭಾಗ ಮಾತ್ರ ಯಾರಿಗೂ ನಂಬಿಕೆ ಹುಟ್ಟಿಸುತ್ತಿಲ್ಲ. ಕಥೆ ಹೀಗಿದೆ.

ಕೋಲಾರ ಜಿಲ್ಲೆಯ ಒಂದು ಹೋಬಳಿ ಊರು. ಸಂತೆ ಮೈದಾನ, ಬಸ್ ನಿಲ್ಲುವ ಅರಳಿಕಟ್ಟೆ, ಹಾಲಿನ ಡೈರಿ, ಮೂರು ನಾಲ್ಕು ಗೊಬ್ಬರದ ಅಂಗಡಿ. ಮುನಿರಾಜು ಟ್ರ್ಯಾಕ್ಟರ್ ಇಟ್ಟುಕೊಂಡವನು. 2004ರ ಬರದಲ್ಲಿ ಒಣಗಿ ನಿಂತ ಕೆರೆಗೆ ಜೆಸಿಬಿ ತಂದು ಇಟ್ಟಿಗೆ ಗೂಡಿಗೆ ಮಣ್ಣು ಹೊಡೆಸುತ್ತಾನೆ. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಆಳದ ಹೊಂಡ ಬೀಳುತ್ತದೆ. 2005ರ ದೊಡ್ಡ ಮಳೆಗೆ ಕೆರೆ ತುಂಬಿದ ದಿನವೇ ವೆಂಕಟಮ್ಮನ ಒಂಬತ್ತು ವರ್ಷದ ಮಗ ಸೀನ ಆ ಹೊಂಡದಲ್ಲಿ ಮುಳುಗುತ್ತಾನೆ. ಮುನಿರಾಜು 14 ವರ್ಷ ಜೈಲಿನಲ್ಲಿದ್ದು ಊರಿಗೆ ಮರಳುತ್ತಾನೆ. ಯಾರೂ ಮಾತನಾಡಿಸುವುದಿಲ್ಲ. 2021ರ ನವೆಂಬರಿನಲ್ಲಿ ಕೆರೆ ತುಂಬಿ ಕೋಡಿ ಬೀಳುವ ರಾತ್ರಿ ಏರಿಯಲ್ಲಿ, ಅಂದರೆ ಕೆರೆಯ ಮಣ್ಣಿನ ಕಟ್ಟೆಯಲ್ಲಿ, ನೀರು ಜಿನುಗುವುದನ್ನು ಅವನೊಬ್ಬನೇ ನೋಡಿ, ಮರಳಿನ ಚೀಲ ಹೊತ್ತು ಊರನ್ನು ಉಳಿಸುತ್ತಾನೆ. ಬೆಳಗ್ಗೆ ವೆಂಕಟಮ್ಮ ಬಂದು "ನಿನ್ನನ್ನು ಕ್ಷಮಿಸಿದ್ದೇನೆ" ಎನ್ನುತ್ತಾಳೆ.

ಈಗ 4,200 ಪದ ಇದೆ, ಕಳಿಸಬೇಕಾದಲ್ಲಿ ಮಿತಿ 2,500. ನನ್ನ ಪ್ರಶ್ನೆಗಳು: ಕೊನೆ ಯಾಕೆ ಸುಳ್ಳೆನಿಸುತ್ತಿದೆ? ಕೆರೆ, ಪೊಲೀಸು, ಕೋರ್ಟಿನ ವಿವರಗಳಲ್ಲಿ ತಪ್ಪಿದೆಯೇ? ಎಲ್ಲಿ ಕತ್ತರಿಸಲಿ? ಕೋಲಾರದ ಕಡೆಯ ಮಾತು ಎಷ್ಟು ತರಬೇಕು?

ಕರಿಕೋಟು ಉತ್ತರ:

ಕೋರ್ಟಿನ ಕಡೆಯಿಂದ ಶುರು ಮಾಡುತ್ತೇನೆ. ಕಥೆಯ ದೊಡ್ಡ ಬಿರುಕು ಅಲ್ಲೇ ಇದೆ.

ಈ ಕಥೆಯಲ್ಲಿ 14 ವರ್ಷದ ಜೈಲು ಬರಲು ದಾರಿಯೇ ಇಲ್ಲ. ಮುನಿರಾಜು ಯಾರನ್ನೂ ಕೊಂದಿಲ್ಲ, ಹೊಂಡ ತೋಡಿ ಹಾಗೇ ಬಿಟ್ಟಿದ್ದಾನೆ. ಆ ಕಾಲದಲ್ಲಿ ಇಂಥದ್ದಕ್ಕೆ ಹಾಕಬಹುದಾಗಿದ್ದ ಕಲಂ ಭಾರತೀಯ ದಂಡ ಸಂಹಿತೆಯ 304ಎ, ಅಂದರೆ ನಿರ್ಲಕ್ಷ್ಯದಿಂದ ಆದ ಸಾವು. ಗರಿಷ್ಠ 2 ವರ್ಷ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಜಾಮೀನು ಸಿಗುವ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 106ನೇ ಕಲಂ ಆಗಿ ಗರಿಷ್ಠ 5 ವರ್ಷಕ್ಕೆ ಏರಿತು, ಆದರೆ ನಿಮ್ಮ ಕಥೆಯ ಕಾಲಕ್ಕೆ ಅದು ಬರುವುದಿಲ್ಲ.

ಆ ಕಲಮನ್ನೂ ಹಾಕಿಯೇ ಹಾಕುತ್ತಾರೆ ಎಂದುಕೊಳ್ಳಬೇಡಿ. ನೀರಿನಲ್ಲಿ ಮಗು ಸತ್ತಾಗ ಠಾಣೆಯಲ್ಲಿ ಆಗ ಮೊದಲು ದಾಖಲಾಗುತ್ತಿದ್ದುದು ದಂಡ ಪ್ರಕ್ರಿಯಾ ಸಂಹಿತೆಯ 174ರ ಅಡಿಯ ಅಸಹಜ ಸಾವಿನ ಪ್ರಕರಣ. ಠಾಣೆಯವರ ಮಾತಿನಲ್ಲಿ ಯುಡಿಆರ್. ಅಪ್ಪನೋ ಚಿಕ್ಕಪ್ಪನೋ ದೂರು ಕೊಡುತ್ತಾರೆ. ಠಾಣೆಯ ಬರವಣಿಗೆ ನೋಡುವ ರೈಟರ್ ಬರೆದುಕೊಳ್ಳುವ ಆ ದೂರಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಬರುತ್ತದೆ: "ನನ್ನ ಮಗನ ಸಾವಿನಲ್ಲಿ ಬೇರೆ ಯಾವ ಅನುಮಾನವೂ ಇರುವುದಿಲ್ಲ." ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಆಮೇಲೆ ಪಂಚನಾಮೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ, ನಂತರ ದೇಹ ಮನೆಯವರ ಕೈಗೆ. ಹೊಂಡ ತೋಡಿದವನ ಹೆಸರು ಈ ಕಾಗದಗಳಲ್ಲಿ ಎಲ್ಲೂ ಬರದೇ ಹೋಗಬಹುದು. ಆ ಒಂದು ಸಾಲನ್ನು ಗಂಡ ಒಪ್ಪಿಕೊಂಡು ಹೆಬ್ಬೆಟ್ಟು ಒತ್ತಿದ ಎಂಬುದು ವೆಂಕಟಮ್ಮನಿಗೆ ಗೊತ್ತಾಗುವ ಕ್ಷಣ, ನಿಮ್ಮ ಜೈಲಿನ ಎರಡು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಊರಲ್ಲಿ ರಾಜಿ ನಡೆದೇ ನಡೆಯುತ್ತದೆ. 304ಎ ಕೋರ್ಟಿನಲ್ಲಿ ರಾಜಿಯಾಗುವ ಅಪರಾಧವಾಗಿರಲಿಲ್ಲ. ಹಾಗಾಗಿ ರಾಜಿ ಎಂದರೆ ನಡೆಯುತ್ತಿರುವ ಕೇಸನ್ನು ಮುಗಿಸುವುದಲ್ಲ, ಹೆಸರು ಹಾಕಿ ದೂರು ಕೊಡದಂತೆ ಮೊದಲೇ ತಡೆಯುವುದು. ದೇಹ ಆಸ್ಪತ್ರೆಯಲ್ಲಿರುವಾಗಲೇ ಮಾತುಕತೆ ಶುರುವಾಗಿರುತ್ತದೆ. ಅರಳಿಕಟ್ಟೆಯಲ್ಲಿ ನಾಲ್ಕು ಜನ ಹಿರಿಯರು ಕೂತು ಒಂದು ಮೊತ್ತ ಹೇಳುತ್ತಾರೆ, ಕಥೆಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಗಂಡ ತೆಗೆದುಕೊಳ್ಳುತ್ತಾನೆ. ಆ ದುಡ್ಡು ಏನಾಯಿತು ಎಂದು ಓದುಗ ಕೇಳಿಯೇ ಕೇಳುತ್ತಾನೆ. ಮನೆಗೆ ಶೀಟು ಹೊದಿಸಿದರೆ ಆಕೆ ಅದರ ಕೆಳಗೇ ಮಲಗಬೇಕು. ಸಾಲ ತೀರಿಸಿದರೆ ಕಣ್ಣಿಗೆ ಏನೂ ಕಾಣದು. ಶೀಟೇ ಒಳ್ಳೆಯದು, ಮಳೆ ಬಂದಾಗಲೆಲ್ಲ ಸದ್ದು ಮಾಡುತ್ತದೆ.

ಇದರಿಂದ ಒಂದು ಲಾಭವಿದೆ. ಮುನಿರಾಜು ಎಲ್ಲಿಗೂ ಹೋಗುವುದಿಲ್ಲ. ಮೂರು ಬೀದಿ ಆಚೆ ಬದುಕುತ್ತಾನೆ, ಸಂತೆಯಲ್ಲಿ ಎದುರಾಗುತ್ತಾನೆ. ಹೋಗಿ ಮರಳಿ ಬರುವವನ ಕಥೆಗಿಂತ ಇದು ಕಷ್ಟದ ಕಥೆ, ಸಣ್ಣ ಊರಿಗೆ ಸರಿಹೊಂದುವ ಕಥೆ.

ಊರನ್ನು ಎಲ್ಲಿಡುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆ ಇಟ್ಟರೆ 2007ರವರೆಗೆ ಅದು ಕೋಲಾರ ಜಿಲ್ಲೆ, ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆ. ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು ಆದರೆ ತೊಂದರೆಯಿಲ್ಲ.

ಕೋಡಿಕಲ್ಲು ಉತ್ತರ:

ಕೆರೆಯ ವಿವರಗಳನ್ನು ಒಂದೊಂದಾಗಿ ನೋಡೋಣ.

ಸೀನ ಸಾಯುವ ದಿನ ತಪ್ಪಾಗಿದೆ. ಕೆರೆ ತುಂಬಿದ ದಿನ ಮಕ್ಕಳು ಕೆರೆಯಂಗಳದ ನಡುವಿನ ಹೊಂಡದ ತನಕ ಹೋಗಲಾರರು, ದಡದಲ್ಲೇ ನೀರು ಆಳವಿರುತ್ತದೆ. ಇಂಥ ಹೊಂಡ ಪ್ರಾಣ ತೆಗೆಯುವುದು ನೀರು ಇಳಿಯುವಾಗ. ಸುತ್ತ ಮೊಣಕಾಲುದ್ದ, ಎರಡಡಿ ನೀರು. ಹೊಂಡದ ಮೇಲೆ ಮಾತ್ರ ಹನ್ನೆರಡಡಿ. ಕೆಂಪು ರಾಡಿಯಲ್ಲಿ ಎರಡೂ ಒಂದೇ ಬಣ್ಣ. ಮಗು ಮೊಣಕಾಲುದ್ದದಲ್ಲಿ ನಡೆಯುತ್ತ ಬಂದು ಅಂಚಿನಾಚೆ ಹೆಜ್ಜೆ ಇಡುತ್ತದೆ. ಜೆಸಿಬಿ ಕಡಿದ ಬದಿ ಗೋಡೆಯಂತೆ ನೆಟ್ಟಗಿರುತ್ತದೆ. ನೆನೆದ ಜೇಡಿಯಲ್ಲಿ ಬೆರಳು ನಿಲ್ಲುವುದಿಲ್ಲ, ಹಿಡಿದ ಅಂಚು ಕೈಯಲ್ಲೇ ಕಳಚಿ ಬರುತ್ತದೆ. ಈಜು ಬಲ್ಲ ಹುಡುಗರೂ ಹೀಗೆ ಹೋಗುತ್ತಾರೆ.

ಆದ್ದರಿಂದ ಮಳೆ 2005ರ ಅಕ್ಟೋಬರಿನಲ್ಲಿ ಬರಲಿ, ಸಾವು 2006ರ ಸಂಕ್ರಾಂತಿಯ ಬೆಳಗ್ಗೆ ಆಗಲಿ. ಅಂದು ದನ, ಎಮ್ಮೆಗಳ ಮೈ ತೊಳೆಯಲು ಹುಡುಗರು ಕೆರೆಗೆ ಇಳಿಯುತ್ತಾರೆ. ಬಿಸಿಲು, ಹಬ್ಬ, ಕೊಂಬಿಗೆ ಬಳಿಯಲು ತಂದ ಬಣ್ಣದ ಡಬ್ಬಿ. ಸಂಜೆ ಆ ಬೀದಿಯಲ್ಲಿ ಕಿಚ್ಚು ಹಾಯಿಸುವುದಿಲ್ಲ. ಗುಡುಗು ಮಿಂಚಿನ ದೃಶ್ಯವನ್ನು ಪೂರ್ತಿ ತೆಗೆಯಿರಿ.

ಮಣ್ಣಿನ ಲೆಕ್ಕ. 30 × 20 × 10 ಅಂದರೆ 6,000 ಘನ ಅಡಿ. ಒಂದು ಟ್ರೇಲರಿಗೆ ಸುಮಾರು 100 ಘನ ಅಡಿ. ಅಗೆದ ಮಣ್ಣು ಕಾಲುಭಾಗದಷ್ಟು ಉಬ್ಬುವುದರಿಂದ 60 ಅಲ್ಲ, 75 ಲೋಡು. ಜೆಸಿಬಿ ಇದ್ದರೆ ಎರಡು ದಿನದ ಕೆಲಸ. 2004ರ ಹೋಬಳಿ ಊರಿಗೆ ಜೆಸಿಬಿ ಬರಬಾರದೆಂದಿಲ್ಲ, ಆದರೆ ಆಳುಗಳು ತುಂಬಿದರು ಎಂದರೆ ಕಥೆಗೆ ಒಳ್ಳೆಯದು. ಒಂದು ಟ್ರ್ಯಾಕ್ಟರಿಗೆ ನಾಲ್ಕು ಜನ, ಎರಡು ಟ್ರ್ಯಾಕ್ಟರ್, ವಾರದ ಮೇಲೆ ಕೆಲಸ. ಆಗ ಎಂಟು ಜನರ ಕೈಗೂ ಆ ಹೊಂಡ ಗೊತ್ತು. ಊರು ಮುನಿರಾಜುವನ್ನು ಯಾಕೆ ಪೂರ್ತಿ ದೂರ ಮಾಡಲಾರದು ಎಂಬುದಕ್ಕೆ ಕಾರಣ ಸಿಕ್ಕಂತಾಯಿತು. ಆಳುಗಳು ತೋಡಿದರೂ ಬದಿ ನೆಟ್ಟಗೇ ಇರುತ್ತದೆ, ಲೋಡಿನ ಲೆಕ್ಕದ ಕೂಲಿಗೆ ಇಳಿಜಾರು ಬಿಡುವ ಪುರಸೊತ್ತು ಯಾರಿಗೂ ಇರುವುದಿಲ್ಲ.

ಇನ್ನೊಂದು ವ್ಯತ್ಯಾಸ ನಿಮ್ಮ ಊರಿನ ಹಿರಿಯರಿಗೆ ಗೊತ್ತಿರಲೇಬೇಕು. ರೈತರು ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆಯುವಾಗ ಮೇಲಿನ ಒಂದೆರಡು ಅಡಿಯನ್ನು ಅಗಲಕ್ಕೆ ಕೆರೆಯುತ್ತಾರೆ, ಅದರಿಂದ ಕೆರೆಗೆ ಒಳ್ಳೆಯದೇ ಆಗುತ್ತದೆ. ಇಟ್ಟಿಗೆಗೆ ಬೇಕಾದ್ದು ಒಂದೇ ಗುಣದ ಜೇಡಿ. ಅದು ಸಿಕ್ಕ ಜಾಗದಲ್ಲೇ ಆಳಕ್ಕೆ ಹೋಗುತ್ತಾರೆ. ಮುನಿರಾಜು ಮಾಡಿದ ತಪ್ಪು ಮಣ್ಣು ತೆಗೆದದ್ದಲ್ಲ, ತೆಗೆದ ರೀತಿ. ಕಥೆಯಲ್ಲಿ ಯಾರಾದರೂ ಇದನ್ನು ಅರ್ಧ ವಾಕ್ಯದಲ್ಲಿ ಹೇಳಲಿ.

2021ರ ರಾತ್ರಿಯ ಸಾಹಸ ನಿಲ್ಲುವುದಿಲ್ಲ. ಆ ನವೆಂಬರಿನಲ್ಲಿ ಕೋಲಾರದ ಎಷ್ಟೋ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಬಿದ್ದದ್ದು ನಿಜ. ಆದರೆ ಏರಿಯ ಹೊರಮೈಯಲ್ಲಿ ತಿಳಿನೀರು ಜಿನುಗಿದರೆ ಕಾಯುತ್ತಾರೆ, ರಾಡಿ ನೀರು ಬಂದರೆ ಮಾತ್ರ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಗ ತೂತಿಗೆ ಚೀಲ ತುರುಕುವುದಿಲ್ಲ. ತುರುಕಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಜಿನುಗುವ ಜಾಗದ ಸುತ್ತ ಬಾವಿಯ ಕಟ್ಟೆಯಂತೆ ಚೀಲಗಳ ಬಳೆ ಕಟ್ಟಿ, ಒಳಗೆ ನೀರು ಏರಿ ನಿಲ್ಲುವಂತೆ ಮಾಡುತ್ತಾರೆ. ಹಾಗೆ ನಿಂತ ನೀರಿನ ಭಾರಕ್ಕೆ ಒಳಗಿನ ಸೆಳೆತ ತಗ್ಗುತ್ತದೆ. ಅರ್ಧ ತುಂಬಿದ ಚೀಲವೇ 25–30 ಕಿಲೋ, ಅಂಥವು ಹತ್ತಾರು ಬೇಕು. ಒಬ್ಬನಿಂದ ಒಂದು ರಾತ್ರಿಯಲ್ಲಿ ಆಗದು. ಊರೆಲ್ಲ ಸೇರಿದರೆ ಆಗುತ್ತದೆ, ಆಗ ಅದು ಮುನಿರಾಜುವಿನ ಕಥೆಯಾಗಿ ಉಳಿಯುವುದಿಲ್ಲ.

ಅವನು ಏನಾದರೂ ಮಾಡಲೇಬೇಕೆಂದರೆ ಆ ಹೊಂಡಕ್ಕೇ ಮಾಡಲಿ. ಪೂರ್ತಿ ಮುಚ್ಚುವುದು ಒಬ್ಬನಿಂದ ಸಾಧ್ಯವಿಲ್ಲ: 6,000 ಘನ ಅಡಿ ಎಂದರೆ 250 ಟನ್ನಿನ ಮೇಲೆ. ಆದರೆ ಮುಚ್ಚುವ ಅಗತ್ಯವೂ ಇಲ್ಲ. ಬದಿಯನ್ನು ಇಳಿಜಾರು ಮಾಡಿದರೆ ಸಾಕು, ಬಿದ್ದವರು ನಡೆದು ಮೇಲೆ ಬರಬಹುದು. ಮೂರಕ್ಕೆ ಒಂದರ ಇಳಿಜಾರು ಹಿಡಿಯಿರಿ, 10 ಅಡಿ ಆಳಕ್ಕೆ 30 ಅಡಿ ಉದ್ದ. ಅಂಚಿನಿಂದ ಹೊರಗೆ 15 ಅಡಿ ಕಡಿದು, ಆ ಮಣ್ಣನ್ನೇ ಒಳಗೆ 15 ಅಡಿ ಹರಡಬೇಕು. ಅಂಚಿನಲ್ಲಿ ಕಡಿತದ ಆಳ 5 ಅಡಿ. 10 ಅಡಿ ಅಗಲದ ಒಂದು ದಾರಿಗೆ ಕಡಿಯಬೇಕಾದ್ದು 375 ಘನ ಅಡಿ, ಸುಮಾರು 16 ಟನ್ನು. ಬಾಂಡ್ಲಿಗೆ 20 ಕಿಲೋ ಎಂದರೆ 800 ಬಾಂಡ್ಲಿ. ಪಿಕಾಸಿಯಲ್ಲಿ ಕಡಿದು, ಸನಿಕೆಯಲ್ಲಿ ತುಂಬಿ, ಒಬ್ಬನೇ ಸುರಿಯುವವನಿಗೆ, ಅದೂ ಕೂಲಿ ಕೆಲಸ ಬಿಟ್ಟು ಬಹಳ ವರ್ಷವಾದ ಕೈಗೆ, ದಿನಕ್ಕೆ 100 ಬಾಂಡ್ಲಿ ಆದರೆ ಹೆಚ್ಚು. ಎಂಟು ದಿನ.

ನಾಲ್ಕೂ ಬದಿಗೆ ಮಾಡಬೇಕೆಂದರೆ ಸುತ್ತಳತೆ 100 ಅಡಿ. 80 ದಿನ. ಮೂಲೆಗಳಿಗೆ ಇನ್ನೊಂದು 20–25 ದಿನ. ಫೆಬ್ರುವರಿ 1ಕ್ಕೆ ಶುರು ಮಾಡಿದರೆ ಮೇ ನಡುವಿಗೆ ಮುಗಿಯಬೇಕು, ಅಷ್ಟರಲ್ಲಿ ಮುಂಗಾರು ಪೂರ್ವದ ಮಳೆ ಬಿದ್ದಿರುತ್ತದೆ. ಮುಗಿಯುತ್ತದೋ ಇಲ್ಲವೋ ಎಂಬ ಅಂಚಿನಲ್ಲಿ ಕೆಲಸ ನಿಲ್ಲುತ್ತದೆ.

ಏನು ಕೆಡಬಹುದು: ಕೆರೆಯಂಗಳ ಒಣಗಿದ ಮೇಲೂ ಹೊಂಡದ ತಳದಲ್ಲಿ ಎರಡು ಮೂರು ಅಡಿ ರಾಡಿ ಉಳಿದಿರುತ್ತದೆ. ಅದನ್ನು ತೋಡಿ ಹಾಕದೆ ಮೇಲೆ ಮಣ್ಣು ಸುರಿದರೆ ಹುದುಲಾಗುತ್ತದೆ. ನೋಡಲು ಗಟ್ಟಿ, ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತದೆ. ಮೊದಲು ಡೀಸೆಲ್ ಪಂಪಿನಲ್ಲಿ ನೀರು ಎತ್ತಿ, ತಳ ಬಿರಿಯುವವರೆಗೆ ಕಾಯಬೇಕು. ಹಾಗೆಂದು ಬಹಳ ಕಾಯುವಂತೆಯೂ ಇಲ್ಲ. ಫೆಬ್ರುವರಿಯಲ್ಲಿ ಮೇಲ್ಪದರ ಸೀಳಿದ್ದರೂ ಅಡಿಯಲ್ಲಿ ಹಸಿ ಇರುತ್ತದೆ, ಪಿಕಾಸಿ ಇಳಿಯುತ್ತದೆ. ಏಪ್ರಿಲಿನಲ್ಲಿ ಅದೇ ಜೇಡಿ ಕಲ್ಲು. ದಿನಕ್ಕೆ 100 ಬಾಂಡ್ಲಿ 60ಕ್ಕೆ ಇಳಿಯುತ್ತದೆ.

ಕಾಲವನ್ನು ಹತ್ತಿರ ತನ್ನಿ. 15 ವರ್ಷ ಬಿಟ್ಟರೆ ಅಂಚುಗಳು ತಾವೇ ಕುಸಿದು, ಹೂಳು ತುಂಬಿ, ಹಳೆಯ ಹೊಂಡ ಹೊಂಡವಾಗಿ ಉಳಿದಿರುವುದಿಲ್ಲ. ಕೆಲಸ 2007ರ ಬೇಸಿಗೆಯಲ್ಲಿ ನಡೆಯಲಿ. 2018ರ ನಂತರಕ್ಕೆ ತಂದರೆ ಇನ್ನೊಂದು ತೊಡಕು: ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರು ಹರಿಯುವ ಕೆರೆಯಾದರೆ ಬೇಸಿಗೆಯಲ್ಲೂ ನೀರು ನಿಂತಿರುತ್ತದೆ, ಕೆರೆಯಂಗಳದಲ್ಲಿ ಯಾರೂ ಪಿಕಾಸಿ ಹಿಡಿಯಲಾಗದು.

ಬಿದಿರುಮೆಳೆ:

ಇಬ್ಬರಿಗೂ ತುಂಬ ಕೃತಜ್ಞ. ಜೈಲು, ಬಿರುಗಾಳಿ, ಏರಿ ಮೂರೂ ಹೋದವು, 1,600 ಪದ ತಾನಾಗಿ ಕಡಿಮೆಯಾಯಿತು. ಒಂದು ಅನುಮಾನ. ಇವನು ಮಣ್ಣು ಕಡಿಯುತ್ತಾನೆ, ಆಕೆ ನೋಡುತ್ತಾಳೆ, ಕೊನೆಗೊಂದು ದಿನ ಮಜ್ಜಿಗೆ ತಂದುಕೊಡುತ್ತಾಳೆ. ಇಷ್ಟು ಸಾಕೇ? ಯಾರ ಕಣ್ಣಿನಿಂದ ಹೇಳಲಿ?

ಸಂಜೆಮಲ್ಲಿಗೆ ಉತ್ತರ:

ಮಜ್ಜಿಗೆ ಬೇಡ. ಬಿಸಿಲಲ್ಲಿ ದುಡಿಯುವವನಿಗೆ ಹೆಂಗಸೊಬ್ಬಳು ನೀರೋ ಮಜ್ಜಿಗೆಯೋ ತಂದುಕೊಟ್ಟಳೆಂದರೆ ಓದುಗ ಎರಡು ಪುಟ ಮೊದಲೇ ಊಹಿಸಿರುತ್ತಾನೆ. ಅಷ್ಟೇ ಅಲ್ಲ, ಮಗುವನ್ನು ಕಳೆದುಕೊಂಡವಳಿಂದಲೇ ಕಳೆದವನ ಉಪಚಾರ ಮಾಡಿಸಿದಂತಾಗುತ್ತದೆ. ಅದು ಆಕೆಗೆ ಮಾಡುವ ಅನ್ಯಾಯ.

ನಿಮ್ಮ ಹಳೆಯ ಕೊನೆ ಸುಳ್ಳೆನಿಸಿದ್ದಕ್ಕೆ ಕಾರಣ ಸರಳ. ಅವನು ಕಳೆದದ್ದು ಒಬ್ಬಳ ಮಗನನ್ನು, ತೀರಿಸಿದ್ದು ಊರಿನ ಸಾಲವನ್ನು. ಸಾಲ ಒಬ್ಬರಲ್ಲಿ, ತೀರುವಳಿ ಇನ್ನೊಬ್ಬರಿಗೆ. ಮೂರು ಮಾತುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಪ್ರಾಯಶ್ಚಿತ್ತ ತಪ್ಪು ಮಾಡಿದವನು ತಾನೇ ಮಾಡುವಂಥದ್ದು. ಕ್ಷಮೆ ಇನ್ನೊಬ್ಬರ ಕೈಯಲ್ಲಿರುವುದು. ಬಿಡುಗಡೆ ಇವೆರಡರಲ್ಲಿ ಯಾವುದೂ ಆಗದೆಯೂ ಬರಬಹುದು, ಎರಡೂ ಆದ ಮೇಲೂ ಬಾರದಿರಬಹುದು. ನಿಮ್ಮ ಕಥೆಗೆ ಮೊದಲನೆಯದು ಪೂರ್ತಿ ಬೇಕು, ಎರಡನೆಯದು ಬೇಡವೇ ಬೇಡ, ಮೂರನೆಯದು ಒಂದು ಎಳೆಯಷ್ಟು ಸಾಕು. ಈ ಮೂರು ಪದಗಳು, ಜತೆಗೆ "ಪಾಪ", "ಪಶ್ಚಾತ್ತಾಪ" ಕರಡಿನಲ್ಲಿ ಎಲ್ಲಿದ್ದರೂ ಹುಡುಕಿ ಅಳಿಸಿ.

ಕಣ್ಣು ವೆಂಕಟಮ್ಮನದಾಗಲಿ. ಮುನಿರಾಜುವಿನ ಒಳಗು ನಮಗೆ ತಿಳಿಯುವುದೇ ಬೇಡ. ಕೆರೆಯಂಗಳದಲ್ಲಿ ಒಂದು ಚುಕ್ಕಿಯಂತೆ, ಪಿಕಾಸಿ ಬಿದ್ದದ್ದು ಮೊದಲು ಕಂಡು ಸದ್ದು ಆಮೇಲೆ ಕೇಳುವಷ್ಟು ದೂರದಲ್ಲಿ ಅವನಿರಲಿ. ಆಕೆ ಅವನನ್ನು ಏನೆಂದು ಅರ್ಥ ಮಾಡಿಕೊಳ್ಳುತ್ತಾಳೋ ಓದುಗನಿಗೂ ಅಷ್ಟೇ ಸಿಗಲಿ. ಅವನ ಕಡೆಯಿಂದ ಹೇಳಲು ಹೊರಟರೆ ಅವನ ಅಳು ಕಥೆಯನ್ನು ನುಂಗುತ್ತದೆ, ಸತ್ತ ಹುಡುಗ ಹಿಂದಕ್ಕೆ ಸರಿಯುತ್ತಾನೆ. ಇಂಥ ಕಥೆಗಳು ಕೆಡುವುದು ಹೆಚ್ಚಾಗಿ ಇಲ್ಲೇ.

ಆಕೆಯ ದುಃಖವನ್ನು ದುಃಖವೆಂದು ಬರೆಯಬೇಡಿ. ಹುಡುಗನ ಚಪ್ಪಲಿ, ಸ್ಲೇಟು, ಯೂನಿಫಾರ್ಮು ಎಲ್ಲ ಕಥೆಗಳಲ್ಲಿ ಬಳಸಿ ಬಳಸಿ ಸವೆದುಹೋದ ವಸ್ತುಗಳು. ಪಡಿತರ ಚೀಟಿ ನೋಡಿ. ಸೀನನ ಹೆಸರು ಇನ್ನೂ ತೆಗೆಸಿಲ್ಲ. ನ್ಯಾಯಬೆಲೆ ಅಂಗಡಿಯವನಿಗೆ ಗೊತ್ತು, ಆದರೂ ಮೂರು ಜನರ ಲೆಕ್ಕಕ್ಕೇ ಅಳೆಯುತ್ತಾನೆ. ತೆಗೆಸಬೇಕಾದರೆ ಮರಣ ಪ್ರಮಾಣಪತ್ರ ಕೊಡಬೇಕು, ಆಕೆ ಅದನ್ನು ಮಡಚಿ ಚೀಟಿಯ ಒಳಗೇ ಇಟ್ಟಿದ್ದಾಳೆ. ಎರಡು ವಾಕ್ಯ ಸಾಕು.

ಇಬ್ಬರೂ ದಿನಾ ಸೇರುವ ಜಾಗ ನಿಮ್ಮ ಕರಡಿನಲ್ಲೇ ಇದೆ, ನೀವು ಬಳಸಿಲ್ಲ: ಹಾಲಿನ ಡೈರಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಪ್ರತಿಯೊಬ್ಬ ಸದಸ್ಯರಿಗೂ ಒಂದು ಸಂಖ್ಯೆ, ಪಾಸ್ ಪುಸ್ತಕದಲ್ಲಿ ಅದೇ, ಕೂಗುವುದೂ ಅದನ್ನೇ. ಆಕೆ 41, ಅವನು 42 ಆಗಿರಲಿ. ಹಾಲು ಅಳೆದು, ಲ್ಯಾಕ್ಟೋಮೀಟರ್ ಇಳಿಸಿ, ಕೊಬ್ಬಿನ ಪರೀಕ್ಷೆಗೆ ಸ್ಯಾಂಪಲ್ ತೆಗೆದು, ಪುಸ್ತಕಕ್ಕೆ ಬರೆದು ಮುಗಿಯುವಷ್ಟು ಹೊತ್ತು ಪಕ್ಕಪಕ್ಕದಲ್ಲಿ ನಿಲ್ಲಬೇಕು. ಸಾವಿನ ಮೊದಲು ಆಕೆ "ಮುನಿರಾಜಣ್ಣ" ಎನ್ನುತ್ತಿದ್ದಳು. ಆಮೇಲೆ ಅಣ್ಣನೂ ಇಲ್ಲ, ಹೆಸರೂ ಇಲ್ಲ. ಅವನು ಸರದಿ ಬಿಟ್ಟು ಹಿಂದೆ ಸರಿದರೆ ಕಾರ್ಯದರ್ಶಿ 42 ಎಂದು ಮತ್ತೆ ಕೂಗುತ್ತಾನೆ. ಊರು ಇಬ್ಬರನ್ನೂ ಹೇಗೆ ಹಿಡಿದಿಟ್ಟಿದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಒಂದು ಬೆಳಗ್ಗೆ ಕ್ಯಾನಿನ ಹಿಡಿ ಹಿಡಿಯಲಾರದಂತೆ ಅವನ ಅಂಗೈ ಬೊಬ್ಬೆಯೆದ್ದಿರುವುದು ಆಕೆಗೆ ಕಾಣಲಿ. ಅವನು ಕೆರೆಯಲ್ಲಿ ಏನು ಮಾಡುತ್ತಿದ್ದಾನೆಂದು ಆಕೆ ವಿಚಾರಿಸುವುದು ಅಲ್ಲಿಂದ.

ಈಗ ಕೊನೆ. ಕೋಡಿಕಲ್ಲು ಕೊಟ್ಟ ಎಂಟು ದಿನದ ಲೆಕ್ಕದಲ್ಲೇ ಅದು ಕೂತಿದೆ. ಮುನಿರಾಜು ತನಗೆ ಅನುಕೂಲವಾದ ಬದಿ ಆರಿಸಿಕೊಂಡು, ಊರಿನ ಕಡೆಯ ಬದಿ ಎಂದಿಟ್ಟುಕೊಳ್ಳಿ, ಎಂಟು ದಿನ ಕಡಿದು ಒಂದು ಇಳಿಜಾರು ಮುಗಿಸುತ್ತಾನೆ. ಅವನಿಗೆ ತಾನು ಮಾಡಬೇಕಾದ್ದು ಮಾಡಿದೆ ಎನಿಸಿರಬಹುದು. ಒಂಬತ್ತನೆಯ ದಿನ ಆಕೆ ಕೆರೆಯ ಏರಿಯಿಂದ ಇಳಿದು ಬರುತ್ತಾಳೆ. ಹೊಂಡದ ಅಂಚಿಗೆ ಬಂದು, ಆಚೆ ಬದಿಗೆ ಕೈ ತೋರಿಸುತ್ತಾಳೆ. ಎಮ್ಮೆಗಳು ಇಳಿಯುವ ದಾರಿ ಅತ್ತ ಕಡೆ. ಸೀನ ಇಳಿದದ್ದೂ ಅತ್ತಲಿಂದ. ಹೊಂಡ ತೋಡಿದವನಿಗೆ ಅದು ಗೊತ್ತಿಲ್ಲ, ಅವನು ಎಂದೂ ಕೇಳಿಯೇ ಇರಲಿಲ್ಲ. ಕೆಲಸ ತಪ್ಪಾಗಿದೆ ಎಂದು ತಿದ್ದಲು ಆಕೆ ಬಂದಿದ್ದಾಳೆ, ಅವನಿಗಾಗಿ ಬಂದಿಲ್ಲ. ಆದರೂ ಒಂದು ವರ್ಷದ ಮೇಲೆ ಅವನೊಡನೆ ಮಾತನಾಡಿದಂತಾಯಿತು. ಸಾವು ಹೇಗಾಯಿತು ಎಂಬುದು ಓದುಗನಿಗೆ ಪೂರ್ತಿ ತಿಳಿಯುವುದೂ ಇಲ್ಲೇ ಆಗಲಿ. ಮೊದಲ ದೃಶ್ಯದಲ್ಲಿ ಹೇಳಿ ಮುಗಿಸಬೇಡಿ, ಅಲ್ಲಿ ಬಣ್ಣದ ಡಬ್ಬಿ ಮತ್ತು ಓಡಿಬಂದ ಇನ್ನೊಬ್ಬ ಹುಡುಗ ಇದ್ದರೆ ಸಾಕು.

ಪದಗಳ ಹಂಚಿಕೆ ಹೀಗಿಟ್ಟು ನೋಡಿ: ಸಂಕ್ರಾಂತಿ 300, ಠಾಣೆ ಮತ್ತು ರಾಜಿ 350, ಡೈರಿ 500, ಹೊಂಡದ ಎಂಟು ದಿನ 900, ಒಂಬತ್ತನೆಯ ದಿನ 450. ಹೊಂಡಕ್ಕೆ ಇಷ್ಟೊಂದೇ ಎನ್ನಬೇಡಿ. ರಾಡಿ ಎತ್ತಿದ್ದು, ತಳ ಒಣಗಲು ಕಾದದ್ದು, ಮೊದಲ ಸಲ ಹುದುಲಾಗಿ ಕೆಟ್ಟದ್ದು ಇವೆಲ್ಲ ಓದುಗನಿಗೆ ಕಾಣದಿದ್ದರೆ "ಅವನು ಬಹಳ ಕಷ್ಟಪಟ್ಟ" ಎಂದು ನೀವೇ ಹೇಳಬೇಕಾಗುತ್ತದೆ, ಹೇಳಿದರೆ ಯಾರೂ ನಂಬುವುದಿಲ್ಲ. ಆ ಎಂಟು ದಿನವನ್ನು ವೆಂಕಟಮ್ಮ ಒಂದೇ ಸಲಕ್ಕೆ ನೋಡುವುದಿಲ್ಲ, ನೆನಪಿಡಿ. ಹಾಲು ಹಾಕಿ ಬರುವಾಗ, ಹುಲ್ಲಿಗೆ ಹೋಗುವಾಗ, ಏರಿಯ ಮೇಲಿಂದ ತುಂಡು ತುಂಡಾಗಿ.

ಗಡಿಯೂರು ಉತ್ತರ:

ಮಾತಿನ ಬಗ್ಗೆ ಮಾತ್ರ. ಸಿನಿಮಾಗಳಲ್ಲಿ ಕೇಳುವ ಮಂಡ್ಯದ ಮಾತನ್ನು ಹಳ್ಳಿಯೆಂದರೆ ಹೀಗೇ ಎಂದು ಕೋಲಾರಕ್ಕೆ ತಂದು ಹಾಕಬೇಡಿ, ಅಲ್ಲಿನ ಓದುಗರು ಮೊದಲ ಸಾಲಿಗೇ ಕೈಬಿಡುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು. ಠಾಣೆ, ಶಾಲೆ, ಡೈರಿಯ ಪುಸ್ತಕ ಕನ್ನಡ. ಒಬ್ಬರೇ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ವೆಂಕಟಮ್ಮನ ಮನೆಮಾತು ತೆಲುಗು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಹಾಗಿದ್ದರೆ ಠಾಣೆಯ ಆ ಸಾಲು, "ಅನುಮಾನ ಇರುವುದಿಲ್ಲ", ಆಕೆಯ ಕಿವಿಗೆ ಓದಿನ ಕನ್ನಡವಾಗಿ, ಪರಕೀಯವಾಗಿ ಬೀಳುತ್ತದೆ. ಕಥೆ ಉದ್ದಕ್ಕೂ ಸರಳ ಕನ್ನಡದಲ್ಲೇ ನಡೆಯಲಿ. ಕೊನೆಯಲ್ಲಿ ಆಕೆ ಕೈ ತೋರಿಸುವಾಗ ಮಾತ್ರ ಮನೆಮಾತು ಬಾಯಿಗೆ ಬರಲಿ: "ಈ ಪಕ್ಕ ಕಾದು. ಆ ಪಕ್ಕ ದಿಗಿನಾಡು." ಈ ಕಡೆ ಅಲ್ಲ, ಆ ಕಡೆ ಇಳಿದ. ಕೈ ತೋರಿಸುವುದು ಜತೆಗಿರುವುದರಿಂದ ತೆಲುಗು ಬಾರದ ಓದುಗನಿಗೂ ಅರ್ಥವಾಗುತ್ತದೆ, ಪಕ್ಕದಲ್ಲಿ ಅನುವಾದ ಬರೆಯಬೇಡಿ. ಅದಕ್ಕೆ ಮೊದಲು ತೆಲುಗನ್ನು ಅಲ್ಲಲ್ಲಿ ಎರಚಿದ್ದರೆ ಈ ಸಾಲಿನ ಬಲ ಹೋಗುತ್ತದೆ. ಡೈರಿಯಲ್ಲಿ ಯಾರಾದರೂ ಒಮ್ಮೆ "ರಾ ಅಕ್ಕಾ" ಎಂದರೆ ಸಾಕು, ಕಿವಿ ಸಿದ್ಧವಾಗಿರುತ್ತದೆ.

ಮಣ್ಣು ಮಾಡಿದ್ದು, ಮೂರನೆಯ ದಿನದ ಹಾಲು ತುಪ್ಪ, ತಿಥಿ ಇವೆಲ್ಲ ಜಾತಿಯಿಂದ ಜಾತಿಗೆ ಬೇರೆ, ಮಕ್ಕಳ ವಿಷಯದಲ್ಲಂತೂ ಇನ್ನೂ ಬೇರೆ. ಕುಟುಂಬ ಯಾವುದೆಂದು ಗಟ್ಟಿ ಮಾಡಿಕೊಳ್ಳದೆ ಒಂದೂ ಬರೆಯಬೇಡಿ.

ಬಿದಿರುಮೆಳೆ:

ಹೊಸದಾಗಿ ಬರೆಯಲು ಕೂರುತ್ತೇನೆ. ಕೊನೆಯದಾಗಿ ಒಂದು: ಆಕೆ ಹಾಗೆಂದ ಮೇಲೆ ಅವನು ಏನಾದರೂ ಹೇಳಬೇಕೇ?

ಸಂಜೆಮಲ್ಲಿಗೆ:

ಬೇಡ. ಅವನು ಏನೆಂದರೂ ಆಕೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆಕೆ ಕೆರೆಯ ಏರಿಯನ್ನು ಹತ್ತಲಿ. ಬೆನ್ನ ಹಿಂದೆ ಬಾಂಡ್ಲಿ ಎಳೆಯುವ ಸದ್ದು ಆಚೆ ಬದಿಗೆ ಹೋಗುವುದು ಕೇಳಿಸಲಿ, ತಿರುಗಿ ನೋಡುವುದೂ ಬೇಡ. ಸಂಜೆಯ ಹಾಲಿಗೆ ಹೊತ್ತಾಗಿರುತ್ತದೆ. ಆ ಕೊನೆಯ ಪ್ಯಾರಾದಲ್ಲಿ ಸೀನನ ಹೆಸರು ಬರದಂತೆ ನೋಡಿಕೊಳ್ಳಿ.

ಕೋಡಿಕಲ್ಲು:

ಎಮ್ಮೆ ದಾರಿಯ ಬದಿ ತುಳಿದು ತುಳಿದು ಗಟ್ಟಿಯಾಗಿರುತ್ತದೆ, ಅಲ್ಲಿ ಎಂಟು ದಿನ ಸಾಲದು, ಹನ್ನೆರಡು ಹಿಡಿಯಿರಿ. ಬಾಂಡ್ಲಿ ಎಳೆಯುವ ಸದ್ದು ಒಣ ಕೆರೆಯಲ್ಲಿ ಏರಿಯವರೆಗೂ ಚೆನ್ನಾಗಿ ಕೇಳಿಸುತ್ತದೆ, ಅದು ಸರಿಯಾಗಿದೆ.